ಬಾಯಲ್ಲಿ ನೀರು ಹಿಡಿದ ಗುರವ್ವ

ಮೊನ್ನೆ ಬೀದರಿನ ಹಲ್ಲಿನ ಡಾಕ್ಟರು ಔಷಧಿ ನೀರು ಕೊಟ್ಟು, ನುಂಗದೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಳ್ಳಿ ಅಂದರು. ಕೆನ್ನೆ ಉಬ್ಬಿಸಿಕೊಂಡು ಕೂತ ನನ್ನನ್ನು ಕಂಡು ಮೊಮ್ಮಗಳು ನಕ್ಕಳು. ನಗಲಿ ಬಿಡಿ. ನನಗೆ ನೆನಪಾದದ್ದು ಹಲಬರ್ಗಾದ ನಮ್ಮ ಮನೆ, ನಿಜಾಮರ ಕಾಲದ ಒಂದು ಬೇಸಿಗೆ. ಆಗ ನನಗೆ ಎಂಟು ವರ್ಷ.

ಆ ಬೇಸಿಗೆ ನಮ್ಮ ಅಡುಗೆಮನೆಯಲ್ಲಿ ಹಾಡುಹಗಲೇ ಕಲ್ಲು ಬೀಳುತ್ತಿದ್ದವು. ಬಾಗಿಲು ಹಾಕಿದರೂ ಬೀಳುತ್ತಿದ್ದವು, ಎತ್ತಿಕೊಂಡರೆ ಬೆಚ್ಚಗಿರುತ್ತಿದ್ದವು. ಜೋಳ ತುಂಬಿದ ಗಡಿಗೆ ತಾನೇ ಎದ್ದು ಗೋಡೆಗೆ ಬಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಂಬುವುದು ನಿಮಗೆ ಬಿಟ್ಟದ್ದು. ಒಂದು ದಿನ ಅಪ್ಪನ ಹಣೆಯೂ ಒಡೆಯಿತು. ಇದು ಭಾನಾಮತಿ, ಯಾರೋ ಮಾಟ ಮಾಡಿದ್ದಾರೆ ಎಂದು ಊರೆಲ್ಲ ಮಾತಾಡಿತು.

ಎದುರುಮನೆಯ ಸೂಲಗಿತ್ತಿ ಗುರವ್ವನ ತುಟಿ ಸದಾ ಅಲುಗುತ್ತಿತ್ತು. ಆಕೆ ಜಪಿಸುತ್ತಿದ್ದದ್ದು ಶಿವನಾಮ. ಅದನ್ನೇ ಮಾಟದ ಮಂತ್ರ ಅಂದುಕೊಂಡರು. ನಮ್ಮ ಕಡೆ ಅದಕ್ಕೊಂದು ಶಿಕ್ಷೆಯಿತ್ತು: ಮುಂದಿನ ಹಲ್ಲು ಕೀಳುವುದು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ಹೊರಡುವುದಿಲ್ಲವಂತೆ. ನಾನು ಹುಟ್ಟುವಾಗ ಹೆರಿಗೆ ಮಾಡಿಸಿದವಳ ಹಲ್ಲು ಕೀಳಲು ನನ್ನಪ್ಪನೇ ಕಂಬಾರನಿಂದ ಇಕ್ಕಳ ತಂದ.

ಅಪ್ಪನ ತಾಯಿ, ನಮ್ಮ ಆಯಿ, ಗುಬ್ಬಿ ಹಾರಿದರೂ ಬೆಚ್ಚುವವಳು. ಅವಳು ಗುರವ್ವನ ಕೈಹಿಡಿದು ತಂದು ನಮ್ಮ ಒಲೆಯ ಮುಂದೆ ಕೂಡಿಸಿದಳು. ಚರಿಗೆಯಿಂದ ಆಕೆಯ ಬಾಯಿ ತುಂಬ ನೀರು ಹಾಕಿ, ತಾನೂ ಪಕ್ಕದಲ್ಲಿ ಕೂತು, ಮಗನಿಗೆ ಹೇಳಿದಳು:

"ಬಾಯಾಗ ನೀರ ಅದ. ಮಂತ್ರ ಹ್ಯಾಂಗ ಅಂತಾಳ? ಈಗ ಕಲ್ಲ ಬಿದ್ರ ಇಕಿದಲ್ಲ. ಬೀಳಲಿಲ್ಲಂದ್ರ ಮೊದಲ ನನ್ನ ಹಲ್ಲ ಕೀಳು."

ಗಂಡಸರು ಬಾಗಿಲಲ್ಲಿ ನಿಂತರು. ಕಲ್ಲು ಬೀಳಲಿಲ್ಲ. ಗುರವ್ವನ ಕೆನ್ನೆ ನಡುಗಿ, ಒಂದು ಹನಿ ಗದ್ದಕ್ಕೆ ಇಳಿಯಿತು. ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ಕಲ್ಲು ಬೀಳುವುದು ನಿಲ್ಲಲಿ ಎಂದು ತಿಂಗಳಿಡೀ ಬೇಡಿಕೊಂಡಿದ್ದ ನಾನು ಕಂಬ ತಬ್ಬಿಕೊಂಡು, ಕಲ್ಲು ಒಗೆಯುತ್ತಿದ್ದ ಆ ಕಾಣದ್ದಕ್ಕೇ ಒಳಗೊಳಗೇ ಅಂಗಲಾಚಿದೆ: "ಒಂದ ಕಲ್ಲ ಒಗಿಯಪ್ಪ. ಒಂದ."

ಇಬ್ಬರು ಹೆಂಗಸರು ಸೇರಿ ಎತ್ತುವ ಬೀಸುಕಲ್ಲು ಸದ್ದಿಲ್ಲದೆ ಮೇಲೆದ್ದಿತು. ಆಯಿ, ಗುರವ್ವ ಇಬ್ಬರ ತಲೆಯ ಮೇಲೆ ನಿಧಾನವಾಗಿ ಸಾಗಿ, ಅಪ್ಪನ ಕಾಲಬುಡದಲ್ಲಿ ಬಿದ್ದು ಎರಡು ಹೋಳಾಯಿತು. ಗುರವ್ವನ ಕೆನ್ನೆ ಇನ್ನೂ ಉಬ್ಬಿಯೇ ಇತ್ತು.

ಅಪ್ಪ ಇಕ್ಕಳ ಕೆಳಗಿಟ್ಟು ಆಕೆಯ ಕಾಲಿಗೆ ಬಿದ್ದ. ಗುರವ್ವ ನೀರು ನುಂಗಿ, ಮತ್ತೆ ತುಟಿ ಅಲುಗಿಸತೊಡಗಿದಳು.

ಎಂಟು ದಿನಕ್ಕೆ ಕಲ್ಲು ಬೀಳುವುದು ನಿಂತಿತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಇದನ್ನು ದೆವ್ವದ ಕತೆ ಅಂತಲೇ ಹೇಳುತ್ತ ಬಂದಿದ್ದೆ. ಮೊನ್ನೆ ಮನೆಗೆ ಬಂದ ಮೇಲೆ ಮೊಮ್ಮಗಳು ಈ ಕತೆ ಕೇಳಿ, ಕಲ್ಲು ಒಗೆದದ್ದು ಏನು ಎಂದು ಕೇಳಿದಳು. ಒಂದು ಕಲ್ಲು ಬೇಡಿದಾಗ ಕೊಟ್ಟದ್ದನ್ನು ದೆವ್ವ ಅನ್ನಲು ನನಗೆ ಬಾಯಿ ಬರಲಿಲ್ಲ.