ಅತ್ತೆಯ ಪಾಲು

ನನ್ನ ಅತ್ತೆಗೆ ಸೇರಬೇಕಾದ ಪಾಲನ್ನು ನಾನು ಮೋಸದಿಂದ ತೆಗೆದುಕೊಂಡೆ. ಯಾರೂ ಹೇಳಿಕೊಟ್ಟಿದ್ದಲ್ಲ. ಗೊತ್ತಿದ್ದೇ ಮಾಡಿದೆ.

ಬನಶಂಕರಿಯ ಈ ಮನೆ ನನ್ನ ಗಂಡ ತಾವೇ ದುಡಿದು ಕಟ್ಟಿಸಿದ್ದು. ಐವತ್ತೆರಡಕ್ಕೇ ಎದೆನೋವು ಬಂದು ಹೋಗಿಬಿಟ್ಟರು — ವಿಲ್ ಬರೆಯುವ ಯೋಚನೆ ಯಾರಿಗಿತ್ತು?

"ವಿಲ್ ಇಲ್ಲ ಅಂದ್ರೆ ಹೆಂಡತಿ, ಮಗಳು, ತಾಯಿ, ಮೂರು ಜನಕ್ಕೂ ಸಮಪಾಲು ಮೇಡಂ," ಎಂದರು ವಕೀಲರು.

ತಾಯಿಗೂ? ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಅತ್ತೆ ಇದ್ದದ್ದು ಕತ್ರಿಗುಪ್ಪೆಯಲ್ಲಿ, ನನ್ನ ನಾದಿನಿಯ ಮನೆಯಲ್ಲಿ. ನಾಳೆ ಅವರ ಪಾಲು ನಾದಿನಿಗೆ ಹೋದರೆ, ಮನೆ ಮಾರಬೇಕಾಗಿ ಬಂದರೆ — ಹೀಗೆಲ್ಲ ಹೆದರಿದೆ ಎಂದು ಬರೆಯಬಹುದು. ನಿಜ ಅದಲ್ಲ. ನನಗೆ ಮನೆ ಪೂರ್ತಿ ಬೇಕಿತ್ತು.

"ಅತ್ತೆ, ಖಾತಾ ಬದಲಾಯಿಸೋಕೆ ನಿಮ್ದೊಂದು ಸಹಿ ಬೇಕು," ಎಂದೆ. ಆಟೋದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವಾಗ ಅವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಮಗ ಹೋಗಿ ಆಗಿನ್ನೂ ಮೂರು ತಿಂಗಳು.

"ಅಜ್ಜಿ, ಮನೆ ಮೇಲಿನ ಹಕ್ಕು ಬಿಟ್ಕೊಡ್ತಿದ್ದೀರ. ಒಪ್ಪಿಗೆ ತಾನೆ?" ಎಂದು ಅಧಿಕಾರಿ ಕೇಳಿದರು.

ಅತ್ತೆ ಗಲಿಬಿಲಿಯಿಂದ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಹೂಂ ಸಾರ್. ಸೊಸೆ ಹೇಳಿದ ಹಾಗೆ."

ಆಮೇಲೆ ಆರು ವರ್ಷ ಅವರು ಆ ಕಾಗದದ ಸುದ್ದಿಯನ್ನೇ ಎತ್ತಲಿಲ್ಲ. ಯಾವಾಗಲಾದರೂ ಫೋನ್ ಮಾಡಿ, "ಶೋಭಾ, ಒಂದು ವಾರ ಬಂದು ಇರ್ಲಾ? ತೊಂದ್ರೆ ಆಗಲ್ಲ ತಾನೆ?" ಎನ್ನುತ್ತಿದ್ದರು. ತಮ್ಮದೂ ಆಗಿದ್ದ ಮನೆಗೆ ಬರಲು — ನನ್ನ ಅಪ್ಪಣೆ ಕೇಳುತ್ತಿದ್ದರು.

ಕಳೆದ ತಿಂಗಳು ಹಾಗೆಯೇ ಬಂದರು. ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

"ಕೇಳಿದ್ರೆ ಕೊಡ್ತಿದ್ದೆ ಕಣಮ್ಮ," ಎಂದರು. ಕೈಯಲ್ಲಿದ್ದ ಕಾಯನ್ನು ತಟ್ಟೆಗೆ ಹಾಕಿ, "ನೀನು ಕೇಳ್ಲೇ ಇಲ್ಲ."

ಅಂದೇ ಬಟ್ಟೆ ಮಡಚಿಕೊಂಡು ಹೊರಟರು. ಆಟೋದವರೆಗೆ ಬರುತ್ತೇನೆಂದರೆ ಬೇಡವೆಂದರು.

ಪಾಲು ಹಿಂತಿರುಗಿಸುವ ಪತ್ರದ ಕರಡು ಸಿದ್ಧವಾಗಿದೆ. ಮಗಳಿಗೂ ಎಲ್ಲ ಹೇಳಿದ್ದೇನೆ. ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು, ಆದರೆ ಮನೆ ಅವಳ ಹೆಸರಿನಲ್ಲೂ ಇರುವುದರಿಂದ ಬೇಕಾದ ಸಹಿ ಹಾಕುತ್ತಾಳೆ. ಅತ್ತೆ ತಮ್ಮ ಪಾಲನ್ನು ಯಾರಿಗೆ ಬೇಕಾದರೂ ಕೊಡಲಿ, ನಾನು ಕೇಳುವುದಿಲ್ಲ. ಸೋಮವಾರ ಕತ್ರಿಗುಪ್ಪೆಗೆ ಹೋಗಿ ಒಂದೊಂದು ಸಾಲನ್ನೂ ಅವರಿಗೆ ಓದಿ ಹೇಳುತ್ತೇನೆ. ಬೇಡವೆಂದು ಕಳಿಸಿದರೆ ಮಂಗಳವಾರವೂ ಹೋಗುತ್ತೇನೆ.