ಚಪ್ಪಲಿಯಡಿ ಸಿಕ್ಕ ಮೊಟ್ಟೆ

“ಅಲ್ಲೇ ನಿಲ್ರಿ! ಕಾಲು ಎತ್ತಬ್ಯಾಡ್ರಿ!”

ಹಾವೆಂದುಕೊಂಡು ನಿಂತಲ್ಲೇ ಕಲ್ಲಾದೆ. ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿದ ಮೇಲೆ ಹಗರಿಬೊಮ್ಮನಹಳ್ಳಿ ಕಡೆಯ ದಂಡೆಯಲ್ಲಿ ಹುಲ್ಲು ಚಿಗುರುತ್ತದೆ. ಅಲ್ಲಿಗೆ ಕುರಿಹಿಂಡಿನ ಮುಂದೆ ನಡೆದು ಹೊರಟಿದ್ದೆ. ಕೂಗಿದವಳು ಹಕ್ಕಿಗಳ ಮೇಲೆ ಸಂಶೋಧನೆ ಮಾಡುವ ಹಡಗಲಿಯ ಹುಡುಗಿ.

ಬಗ್ಗಿ ನೋಡಿದರೆ ಹಾವಲ್ಲ, ಮೊಟ್ಟೆಗಳು! ಬೆಣಚುಕಲ್ಲಿನಂಥವು, ಕಾಲಿನ ಸುತ್ತಲೂ ಇದ್ದವು. ಕಡಲಹಕ್ಕಿಗಳ ಬಳಗದ ರೀವ ಹಕ್ಕಿಗಳು ಚೀರುತ್ತ ನನ್ನ ತಲೆಗೆ ಎರಗುತ್ತಿದ್ದವು. ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಕುರಿಗಾರ ಇಟ್ಟ ಹೆಜ್ಜೆಗೇ ಕುರಿಗಳು ಹೆಜ್ಜೆ ಇಡುತ್ತವೆ. ಇಡೀ ಹಿಂಡು ನನ್ನ ಬೆನ್ನಿಗಿತ್ತು. ಹಿಂಡನ್ನು ತಡೆಯುವ ಕೂಗು ಹಾಕಿದೆ. ಮೂರನೇ ಕೂಗಿಗೆ ಮುಂದಿನ ಟಗರು ಮಾರು ದೂರದಲ್ಲಿ ನಿಂತಿತು.

ಮೆಲ್ಲಗೆ ಕಾಲೆತ್ತಿದೆ. ಚಪ್ಪಲಿಯಡಿ ಒಂದು ಮೊಟ್ಟೆ ಒಡೆದಿತ್ತು. ಹುಡುಗಿ ಚಿಪ್ಪಿನ ಚೂರು ಹೆಕ್ಕಿ ಪುಟ್ಟ ಸೀಸೆಗೆ ಹಾಕಿಕೊಂಡಳು.

“ಇದು ಮಾಮೂಲಿ ರೀವದ್ದೋ, ಅಳಿದು ಹೊಂಟಿರೋ ಕಪ್ಪುಹೊಟ್ಟಿ ರೀವದ್ದೋ, ಡಿಎನ್‌ಎ ನೋಡಿದ್ರ ತಿಳಿತೈತಿ ಕಾಕಾ.”

ಮೊನ್ನೆ ಫೋನ್ ಮಾಡಿದ್ದಳು. ಕಪ್ಪುಹೊಟ್ಟೆಯದೇ ಅಂತೆ. ಆ ಜಾತಿ ಇನ್ನೂ ಇಲ್ಲಿ ಮೊಟ್ಟೆ ಇಡುತ್ತದೆ ಎಂಬುದಕ್ಕೆ ಅವಳಿಗೆ ಸಿಕ್ಕ ಒಂದೇ ಸಾಕ್ಷಿ, ನಾನು ತುಳಿದದ್ದು. ಈಗ ಯಾವ ದಾರಿಯಲ್ಲಾದರೂ ಸರಿ, ಬೆನ್ನ ಹಿಂದೆ ಗೊರಸಿನ ಸದ್ದು ಕೇಳಿದರೆ ಎತ್ತಿದ ಕಾಲನ್ನು ಇಡಲು ಹೆದರುತ್ತೇನೆ.