ಹಾಯಿದೋಣಿಯಲ್ಲಿ ಕೂಗಿದ ಹೆಸರು

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಬಸುರಿಯರ ಕುಬಸದ ಮನೆಗಳಲ್ಲಿ ಹೆಂಗಸರು ಅಡ್ಡ ನಿಂತು ಕಾಡಿದಾಗ ಮಾತ್ರ, ಪ್ರಾಸ ಕಟ್ಟಿದ ಒಡಪಿನೊಳಗೆ ಅದನ್ನು ಬಚ್ಚಿಟ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕು. ಹೆಸರು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಹೆಡ್‌ಮಾಸ್ತರರ ಎದುರಿಗೂ ದನಿ ಏರಿಸಿದವಳು. ಆದರೆ ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ಸುಮ್ಮನೆ ಆಧಾರ್ ಕಾರ್ಡು ಮುಂದೆ ಚಾಚುತ್ತಿದ್ದೆ. ತರಗತಿಯಲ್ಲಿ ಅದೇ ಹೆಸರಿನವರು ಸಿಕ್ಕರೆ ಅಡ್ಡಹೆಸರಿನಿಂದ ಹಾಜರಿ ಕರೆದು ಮುಗಿಸುತ್ತಿದ್ದೆ.

ನಿವೃತ್ತಿಯಾದ ವರ್ಷ ಹಾಯಿದೋಣಿಯ ಹುಚ್ಚು ಹಿಡಿದದ್ದು ನನಗೆ, ಅವರಿಗಲ್ಲ. ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ನಿಂತಾಗಲೆಲ್ಲ, ಅಷ್ಟು ನೀರಿನ ಮೇಲೆ ಬರೀ ಗಾಳಿಯ ಬಲದಿಂದ ಹೋಗಬೇಕು, ಅದೂ ನಾನೇ ನಡೆಸಿಕೊಂಡು ಹೋಗಬೇಕು ಅನ್ನಿಸುತ್ತಿತ್ತು. ಮೊಬೈಲಿನಲ್ಲಿ ಹುಡುಕಿದೆ. ಅಂಡಮಾನಿನಲ್ಲಿ ಗಂಡ-ಹೆಂಡತಿ ಇಬ್ಬರನ್ನೇ ಕೂರಿಸಿಕೊಂಡು ದ್ವೀಪದಿಂದ ದ್ವೀಪಕ್ಕೆ ತಿರುಗಿಸುವ ಪುಟ್ಟ ದೋಣಿಯೊಂದು ಸಿಕ್ಕಿತು. ಬೇಕೆಂದವರಿಗೆ ಚುಕ್ಕಾಣಿ ಹಿಡಿಯಲೂ ಕಲಿಸುತ್ತಾರಂತೆ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡ "ಆತು, ನಡಿ" ಅಂದುಬಿಟ್ಟರು. ಕಮತಗಿಯಲ್ಲಿರುವ ಅವರ ಅಕ್ಕ ಮಾತ್ರ ಕೆಂಡವಾದರು.

"ಈ ವಯಸ್ಸಿನ್ಯಾಗ ನೀರಾಗ ಕುಣಿಯಾಕ ಹೊಂಟೀರೇನು? ಶ್ರೀಶೈಲಕ್ಕರ ಹೋಗ್ರಿ, ಪುಣ್ಯಾನರ ಬರ್ತೈತಿ."

"ಪುಣ್ಯ ಆಮ್ಯಾಲೆ ನೋಡೂಣ್ರಿ ಅಕ್ಕಾರ. ಈಗ ನನಗ ಗಾಳಿ ಬೇಕಾಗೈತಿ," ಅಂದೆ.

ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆವು. ಕ್ಯಾಪ್ಟನ್ ಕಾರವಾರದ ಕಡೆಯವರಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ದೋಣಿಯಲ್ಲಿ ನಾವು ಮೂವರೇ. ಹಾಯಿಯ ಬುಡಕ್ಕೆ ಒಂದು ಉದ್ದನೆಯ ಅಡ್ಡಗೋಲು ಇರುತ್ತದೆ. ದೋಣಿ ತಿರುಗಿಸಿದಾಗ ಅದು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ರಪ್ಪನೆ ಬೀಸುತ್ತದೆ. ಚುಕ್ಕಾಣಿ ಹಿಡಿದವರು ಮೊದಲೇ ಹೆಸರು ಹಿಡಿದು ಕೂಗಬೇಕು, ಕೇಳಿದವರು ತಲೆ ತಗ್ಗಿಸಬೇಕು. ಅಲ್ಲಿನ ಮೊದಲ ಪಾಠವೇ ಅದು.

ನಾನು ಸೀರೆಗೆ ಕಚ್ಚೆ ಹಾಕಿ ಚುಕ್ಕಾಣಿ ಹಿಡಿದೆ. ತಿರುಗಿಸುವ ಹೊತ್ತಿಗೆ "ರೀ!" ಎಂದು ಕೂಗಿದೆ. ಮುಂದುಗಡೆ ಹಗ್ಗ ಹಿಡಿದಿದ್ದ ಕ್ಯಾಪ್ಟನ್ ತಿರುಗಿ ನೋಡಿದರು. ಮೀನು ನೋಡುತ್ತ ಕೂತಿದ್ದ ನನ್ನ ಗಂಡ "ಏನ?" ಎನ್ನುತ್ತ, ತಗ್ಗಿಸುವ ಬದಲು ತಲೆ ಎತ್ತಿದರು. ಕೋಲು ಅವರ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಬೆರಳಿನಷ್ಟು ಕೆಳಗೆ ಬಂದಿದ್ದರೆ ತಲೆಯೇ.

ಕ್ಯಾಪ್ಟನ್ ಬಂದು ನನ್ನ ಕೈಯಿಂದ ಚುಕ್ಕಾಣಿ ತೆಗೆದುಕೊಂಡರು. "ಅಮ್ಮಾ, 'ರೀ' ಅಂದ್ರೆ ಯಾರಿಗೆ ಅಂತ ತಿಳಿಯೋದು? ಹೆಸರು ಕರೆಯೋಕೆ ಆಗದಿದ್ರೆ ಮುಂದೆ ಆರಾಮಾಗಿ ಕೂತು ದ್ವೀಪ ನೋಡಿ."

"ಹೋಗ್ಲಿ ಬಿಡು," ಅಂದರು ನನ್ನ ಗಂಡ. "ನೀ ಕುಂತು ನೋಡು, ನಾ ಹಿಡಿತೇನಿ."

ಮೈ ಉರಿದುಹೋಯಿತು. ಹುಚ್ಚು ನನ್ನದು, ಚುಕ್ಕಾಣಿ ಇವರಿಗೆ! ನನ್ನ ಹೆಸರನ್ನು ಅವರು ಸಲೀಸಾಗಿ ಕರೆಯಬಹುದು, ಆದ್ದರಿಂದ ದೋಣಿಯೂ ಅವರದೇ. ಆ ದಿನವೆಲ್ಲ ಸಾಮಾನಿನ ಗಂಟಿನಂತೆ ಮುಂದೆ ಕೂತಿದ್ದೆ. ಹಸಿರು ನೀರು, ಬಿಳಿ ಮರಳು, ತೆಂಗಿನ ಮರ ಎಲ್ಲ ಇದ್ದವು. ಯಾವುದೂ ರುಚಿಸಲಿಲ್ಲ. ಆಯುಷ್ಯ ಉಳಿಸಲೆಂದು ಬಾಯಿ ಮುಚ್ಚಿಕೊಂಡವಳು ನಾನು. ಆ ಮುಚ್ಚಿದ ಬಾಯಿಯೇ ಇವತ್ತು ಗಂಡನ ತಲೆ ಒಡೆಯುತ್ತಿತ್ತು.

ಮರುದಿನ ಬೆಳಿಗ್ಗೆ, ದೋಣಿ ದ್ವೀಪ ಬಿಟ್ಟ ಮೇಲೆ, ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಎದ್ದೆ.

"ಚುಕ್ಕಾಣಿ ಕೊಡ್ರಿ," ಅಂದೆ ಕ್ಯಾಪ್ಟನ್‌ಗೆ.

"ಹೆಸರು?"

"ಕರಿತೇನಿ."

ನನ್ನ ಗಂಡ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು. "ನೋಡು, ಅಕ್ಕಗ ಗೊತ್ತಾದ್ರ..."

"ನಿಮ್ಮ ಅಕ್ಕಾರ ಈ ಕೋಲಿಗೆ ತಲಿ ಕೊಡಾಕ ಬರ್ತಾರೇನು?"

ಗಾಳಿ ಹಿಂದಿನಿಂದ ಬೀಸುತ್ತಿತ್ತು. ತಿರುಗಿಸುವ ಜಾಗ ಬಂತು. ನಾಲಿಗೆ ಒಂದು ಕ್ಷಣ ಅಂಗುಳಿಗೆ ಅಂಟಿಕೊಂಡಿತು. ಆಮೇಲೆ ಕೂಗಿದೆ. ಒಡಪಿಲ್ಲ, ಪ್ರಾಸವಿಲ್ಲ, ಕೊನೆಗೆ 'ರೀ' ಕೂಡ ಇಲ್ಲ, ಬರೀ ಹೆಸರು. ಅವರು ಗಪ್ಪನೆ ಬಾಗಿದರು. ಕೋಲು ತಲೆಯ ಮೇಲಿಂದ ಸರಿದುಹೋಯಿತು, ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ಖುಷಿ ತಡೆಯಲಾಗದೆ, ಕಾರಣವಿಲ್ಲದೆ, ಇನ್ನೊಮ್ಮೆ ಕೂಗಿದೆ.

"ಕೇಳೇತಿ, ಸಾಕ್ ಬಿಡು!" ಅಂದರು ಬಾಗಿಕೊಂಡೇ.

ಊರಿಗೆ ಮರಳುವ ದಿನದವರೆಗೂ ಚುಕ್ಕಾಣಿ ನನ್ನ ಕೈಯಲ್ಲೇ ಇತ್ತು. ದ್ವೀಪಗಳ ನಡುವೆ ಆ ಹೆಸರನ್ನು ಎಷ್ಟು ಸಲ ಕೂಗಿದೆನೋ, ಬಾಯಿಗೆ ಚೆನ್ನಾಗಿ ಹೊಂದಿಕೊಂಡಿತು.

ಬಂದ ಮೇಲೆ ಕಮತಗಿಯಲ್ಲಿ ಕುಬಸ. ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲಿದ್ದರು. ಪಡಸಾಲೆಯ ಬಾಗಿಲಲ್ಲಿ ಅಕ್ಕ ಕೈ ಅಡ್ಡ ಹಿಡಿದರು. "ಸಮುದ್ರಕ್ಕ ಹೋಗಿ ಬಂದಾಕಿ, ಒಂದು ಒಡಪು ಹಾಕು. ಆಮ್ಯಾಲೆ ಒಳಗ ಬಿಡ್ತೇನಿ."

ದೋಣಿಯಲ್ಲಿ ಕೂಗಿದಂತೆಯೇ ಕೂಗಿದೆ. ಬರೀ ಹೆಸರು. ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಯವ್ವಾ! ಆಯುಷ್ಯ ಕಡಿಮಿ ಆಗ್ತೈತಿ, ಗೊತ್ತಿಲ್ಲೇನು?" ಅಂದರು ಅಕ್ಕ.

"ಹಂಗ ಕರದಿದ್ದಕ್ಕ ತಲಿ ಉಳದೈತ್ರಿ ಅಕ್ಕಾರ. ಬೇಕಾದ್ರ ಹೊರಗ ನೋಡ್ರಿ."

ಎಲ್ಲರೂ ತಿರುಗಿದರು. ಕಟ್ಟೆಯ ಮೇಲೆ ನನ್ನ ಗಂಡ ತಲೆಯನ್ನು ಮೊಣಕಾಲಿನವರೆಗೂ ಬಗ್ಗಿಸಿಕೊಂಡು ಕೂತಿದ್ದರು. ಕೈಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತ್ತು. ತಲೆ ಎತ್ತದೆಯೇ ಕೇಳಿದರು:

"ಕೋಲು ದಾಟಿತೇನು?"